ಓಟಗಾರರ ಆರೋಗ್ಯ ವಿಮೆ: ಪುತ್ತೂರು, ಸುಳ್ಯ, ಕಡಬದ ನೆಲದಲ್ಲಿ ನಿಂತು

ಹವ್ಯಾಸಕ್ಕೆ ಓಡುವವರನ್ನು ಕಾಡುವ ನೋವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿ ಮಲಗಿಸುವಂಥವಲ್ಲ. ಭಾರತದ ಆರೋಗ್ಯ ವಿಮೆಯಾದರೋ ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಲಗಿದವರ ಖರ್ಚನ್ನು ಭರಿಸುವ ಏರ್ಪಾಡು. ಪಾಲಿಸಿ ಆರಿಸುವ ಓಟಗಾರ ಮೊದಲು ಅರಿಯಬೇಕಾದದ್ದು ಈ ಅಂತರವನ್ನು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುವುದು, ಗುಡ್ಡ ಇಳಿಯುವಾಗ ಮೊಣಕಾಲಿನ ಹೊರಬದಿ ಉರಿಯುವುದು, ಮೀನಖಂಡ ಹಿಡಿದುಕೊಳ್ಳುವುದು, ಕಾಲು ಉಳುಕುವುದು, ಇವಕ್ಕೆಲ್ಲ ಬೇಕಾದದ್ದು ವೈದ್ಯರ ಬಳಿಗೆ ಒಂದೆರಡು ಸಲ ಹೋಗಿಬರುವುದು, ಒಂದು ಎಕ್ಸ್‌ರೇ, ಅಪರೂಪಕ್ಕೆ ಎಂಆರ್‌ಐ, ಆಮೇಲೆ ನಾಲ್ಕಾರು ವಾರ ಫಿಸಿಯೋಥೆರಪಿ. ಇವೆಲ್ಲ ಒಪಿಡಿ, ಅಂದರೆ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯ ಖರ್ಚು. ಸಾಮಾನ್ಯ ಪಾಲಿಸಿಯಿಂದ ಇದಕ್ಕೆ ಹಣ ಬರುವುದಿಲ್ಲ. ಎಂಆರ್‌ಐ ಮಾಡಿಸಲೆಂದೇ ಒಂದು ರಾತ್ರಿ ಆಸ್ಪತ್ರೆಗೆ ಸೇರಿಕೊಂಡರೂ ಪ್ರಯೋಜನವಿಲ್ಲ. 2019ರಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಪಾಲಿಸಿಗಳು ಹೊರಗಿಡುವ ಸಂಗತಿಗಳ ಒಕ್ಕಣೆಯನ್ನು ಏಕರೂಪಗೊಳಿಸಿತು. ಬರೇ ತಪಾಸಣೆಗಾಗಿ ದಾಖಲಾಗುವುದು ಆ ಪಟ್ಟಿಯಲ್ಲಿದೆ.

ಹಾಗೆಂದು ಓಟಕ್ಕೂ ವಿಮೆಗೂ ಸಂಬಂಧವಿಲ್ಲವೆಂದಲ್ಲ. ಅದು ಓಡುವ ನೆಲವನ್ನು ಹೊಂದಿಕೊಂಡಿದೆ. ಪುತ್ತೂರು ಪೇಟೆಯಲ್ಲಿ ಕೊಂಬೆಟ್ಟಿನ ಕ್ರೀಡಾಂಗಣವಿದೆ, ಬೀರಮಲೆ ಗುಡ್ಡದ ಏರು ಇದೆ. ಅದರಾಚೆಗೆ ಓಡುವವರ ಪಾಲಿಗೆ ಉಳಿಯುವುದು ರಸ್ತೆಯ ಅಂಚು. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆಯ ಮೂಲಕ ಮಡಿಕೇರಿಗೆ ಏರುವ 275ನೇ ರಾಷ್ಟ್ರೀಯ ಹೆದ್ದಾರಿಯ ತಿರುವುಗಳಲ್ಲಿ ಬದಿಗೆ ಸರಿದು ನಿಲ್ಲಲು ಜಾಗ ಕಡಿಮೆ. ಜನ ಓಡಲು ಹೊರಡುವ ನಸುಕು ರಾತ್ರಿ ಬಸ್ಸುಗಳು ಘಟ್ಟ ಇಳಿದು ಬರುವ ಹೊತ್ತೂ ಹೌದು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ತೋಟದ ಮನೆಗಳ ನಾಯಿಗಳು. ಮಳೆಗಾಲದಲ್ಲಿ ಕಾಂಕ್ರೀಟ್ ರಸ್ತೆಯ ಮೇಲೆ ಪಾಚಿ ಕಟ್ಟುತ್ತದೆ, ಮುರಕಲ್ಲಿನ ದಾರಿ ಜಾರುತ್ತದೆ. ಒದ್ದೆ ಮಣ್ಣಿನಲ್ಲಿ ಓಡಿದ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಒಳಹೊಗಬಹುದು. ಹಾವಿನ ಭಯ ವರ್ಷವಿಡೀ ಇದ್ದದ್ದೇ. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಆಸ್ಪತ್ರೆಯಲ್ಲಿ ಮಲಗಿಸುವ ಸಂಗತಿಗಳು ಇವು. ನಗರದ ಓಟಗಾರನಿಗೆಂದು ಬರೆದ ಸಲಹೆಗಳು ಮೊಣಕಾಲಿನ ಸುತ್ತಲೇ ತಿರುಗುತ್ತವೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ವಾಹನ, ಜಾರಿಕೆ, ಜ್ವರ ಇವೇ ದೊಡ್ಡ ಅಪಾಯಗಳು.

ವಿಮೆಯ ಭಾಷೆಯಲ್ಲಿ ಅಪಘಾತವೆಂದರೆ ಹಠಾತ್ತಾಗಿ, ನಿರೀಕ್ಷಿಸದೆ, ಇಚ್ಛೆಯಿಲ್ಲದೆ, ಹೊರಗಿನ ಕಣ್ಣಿಗೆ ಕಾಣುವ ಬಲವಾದ ಕಾರಣದಿಂದ ನಡೆಯುವ ಘಟನೆ. ಪಾಚಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದರೆ ಅದು ಅಪಘಾತ. ಬೈಕು ತಾಗಿದರೆ ಅಪಘಾತ. ಮೂರು ತಿಂಗಳು ದಿನಾ ಹತ್ತು ಕಿಲೋಮೀಟರ್ ಓಡಿ ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಮೂಡಿದರೆ ಅದು ಅಪಘಾತವಲ್ಲ. ಅದಕ್ಕೆ ಹಠಾತ್ತಾದ ಕ್ಷಣವೂ ಇಲ್ಲ, ಹೊರಗಿನ ಕಾರಣವೂ ಇಲ್ಲ. ಓಡುತ್ತಿರುವಾಗ ಹೃದಯ ನಿಂತರೆ ಅದೂ ಅಪಘಾತವಲ್ಲ, ಕಾಯಿಲೆ. ಈ ಭೇದ ಪುಸ್ತಕದ ಸೂಕ್ಷ್ಮವೆಂದು ತೋರಬಹುದು, ಹಣ ಸಿಗುವುದೋ ಇಲ್ಲವೋ ಎಂಬುದು ಮಾತ್ರ ಹಲವು ಸಲ ಇಲ್ಲಿಯೇ ತೀರ್ಮಾನವಾಗುತ್ತದೆ. ಹೊಸ ಪಾಲಿಸಿಯ ಮೊದಲ 30 ದಿನ ಕಾಯಿಲೆಗೆ ರಕ್ಷಣೆ ಇಲ್ಲ, ಅಪಘಾತಕ್ಕೆ ಇದೆ. ಕೀಲು ಬದಲಾವಣೆ, ಹರ್ನಿಯಾ, ಮೂತ್ರಕೋಶದ ಕಲ್ಲು ಮೊದಲಾದ ಹೆಸರಿಸಿದ ಚಿಕಿತ್ಸೆಗಳಿಗೆ ಎರಡು ಮೂರು ವರ್ಷ ಕಾಯಬೇಕು. ಅಪಘಾತದಿಂದ ಬಂದದ್ದಾದರೆ ಕಾಯಬೇಕಿಲ್ಲ.

ಆದ್ದರಿಂದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬರೆಯುವ ಮೊದಲ ಚೀಟಿಗೆ ತುಂಬಾ ಬೆಲೆ ಇದೆ. ಓಟದ ನಡುವೆ ಕಾಲು ಹೊರಳಿ ಬಿದ್ದು ಮೊಣಕಾಲಿನ ಒಳಗಿನ ನಾರು ಹರಿದವರು ಕುಂಟುತ್ತಾ ಬಂದು, ಏನಾಯಿತೆಂದು ಕೇಳಿದರೆ, ‘ಓಡುವಾಗ ನೋವು ಬಂತು’ ಎನ್ನುತ್ತಾರೆ. ಕೆಲಸದ ಒತ್ತಡದಲ್ಲಿರುವ ವೈದ್ಯರು ‘ಮೊಣಕಾಲು ನೋವು, ಓಟಗಾರ’ ಎಂದು ಬರೆಯುತ್ತಾರೆ. ಬಿದ್ದ ದಿನ, ಗಂಟೆ, ಜಾಗ, ಬಿದ್ದ ಬಗೆ ಯಾವುದೂ ಕಾಗದದಲ್ಲಿ ಉಳಿಯುವುದಿಲ್ಲ. ಎರಡು ವಾರದ ಮೇಲೆ ಶಸ್ತ್ರಚಿಕಿತ್ಸೆಗೆ ಕ್ಯಾಶ್‌ಲೆಸ್ (ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವ ಏರ್ಪಾಡು) ಕೋರಿದಾಗ ಕಂಪನಿಗೆ ಕಾಣುವುದು ಹಳೆಯ ನೋವು ಮಾತ್ರ. ನಡೆದದ್ದನ್ನು ನಡೆದಂತೆಯೇ ಮೊದಲ ದಿನವೇ ಹೇಳಿ, ಚೀಟಿಯಲ್ಲಿ ಬರೆಸಿಕೊಂಡು, ಅಲ್ಲಿಯೇ ಓದಿ ನೋಡುವುದು ರೋಗಿಯ ಹಕ್ಕು. ಈ ಭಾಗದಲ್ಲಿ ಇನ್ನೊಂದು ಅಭ್ಯಾಸವಿದೆ. ಎಲುಬು ಮುರಿದರೆ ನಾಟಿ ವೈದ್ಯರಲ್ಲಿ ಪಟ್ಟು ಹಾಕಿಸಿ, ಸರಿಯಾಗದಿದ್ದರೆ ಆಮೇಲೆ ಆಸ್ಪತ್ರೆಗೆ ಹೋಗುವುದು. ನಾಟಿ ಚಿಕಿತ್ಸೆಗೆ ವಿಮೆಯ ಹಣ ಸಿಗುವುದಿಲ್ಲ. ಮೊದಲ ದಿನದ ಆಸ್ಪತ್ರೆ ದಾಖಲೆಯೂ ಇಲ್ಲದೆ ಹೋಗುತ್ತದೆ. ಆಯುರ್ವೇದದ ಸ್ಥಿತಿ ಬೇರೆ. ನೋಂದಾಯಿತ ಆಯುಷ್ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆದ ಚಿಕಿತ್ಸೆಗೆ ಈಗ ಪಾಲಿಸಿಗಳು ಇತರ ಚಿಕಿತ್ಸೆಯಂತೆಯೇ ಹಣ ಕೊಡಬೇಕು. ಸುಳ್ಯದಂಥ ಪೇಟೆಯಲ್ಲಿಯೇ ಆಯುರ್ವೇದ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇರುವುದರಿಂದ ಇದು ಇಲ್ಲಿಯವರಿಗೆ ನಿಜವಾದ ಅನುಕೂಲ. ಆಟಿ ತಿಂಗಳಲ್ಲಿ ಮೈ ಹಗುರಾಗಲೆಂದು ಎಣ್ಣೆ ತಿಕ್ಕಿಸಿಕೊಂಡು ವಿಶ್ರಾಂತಿ ಪಡೆದ ಬಿಲ್ಲು ಮಾತ್ರ ಅದರಲ್ಲಿ ಸೇರದು.

ನಾಯಿ ಕಚ್ಚಿದ ಪ್ರಕರಣವೂ ಹೆಚ್ಚಾಗಿ ಒಪಿಡಿಯಲ್ಲೇ ಮುಗಿಯುತ್ತದೆ. ರೇಬಿಸ್ ಚುಚ್ಚುಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಅಲ್ಲಿಗೆ ಹೋಗುವುದೇ ಸರಿ. ವಿಮೆಯನ್ನು ನಂಬಿ ಕಾಯುವಂಥದ್ದಲ್ಲ ಅದು.

ಇನ್ನು ಪ್ರೊಪೋಸಲ್ ಫಾರ್ಮ್. ಪಾಲಿಸಿಯ ಬುಡವೇ ಇದು. ಹೆಚ್ಚಿನ ಕಡೆ ಏಜೆಂಟರು ಮೊಬೈಲಿನಲ್ಲಿ ತಾವೇ ತುಂಬಿ, ಒಟಿಪಿ ಮಾತ್ರ ಕೇಳುತ್ತಾರೆ. ಹಿಂದಿನ ಕಾಯಿಲೆ ಇದೆಯೇ ಎಂಬ ಸಾಲಿನ ಎದುರು ‘ಇಲ್ಲ’ ಎಂಬ ಗುರುತು ತಾನಾಗಿ ಬೀಳುತ್ತದೆ. ಓಡುವವರು ತಮ್ಮನ್ನು ಆರೋಗ್ಯವಂತರೆಂದೇ ತಿಳಿದವರಾದ್ದರಿಂದ ಐದು ವರ್ಷದ ಹಿಂದಿನ ಮೊಣಕಾಲಿನ ಆರ್ಥ್ರೋಸ್ಕೋಪಿಯನ್ನೋ, ಒಮ್ಮೆ ಏರಿ ಓಟದಿಂದ ಇಳಿದ ರಕ್ತದೊತ್ತಡವನ್ನೋ ಹೇಳಬೇಕೆಂದು ಅನಿಸುವುದಿಲ್ಲ. ಹೇಳಲೇಬೇಕು. ಹೇಳಿದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳ ಕಾಯುವಿಕೆ. 2024ರ ಏಪ್ರಿಲ್‌ಗೆ ಮುಂಚೆ ಅದು 48 ತಿಂಗಳಾಗಿತ್ತು. ಮುಚ್ಚಿಟ್ಟ ಕಾಯಿಲೆ ಬೆಳಕಿಗೆ ಬಂದರೆ ಸಂಬಂಧವಿಲ್ಲದ ಕ್ಲೈಮಿನ ಹೊತ್ತಿನಲ್ಲೂ ಪಾಲಿಸಿಯೇ ರದ್ದಾಗುವ ಅಪಾಯವಿದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ವಂಚನೆ ಸಾಬೀತಾಗದ ಹೊರತು ಹಳೆಯ ಮಾಹಿತಿಯ ನೆಪದಲ್ಲಿ ಕ್ಲೈಮ್ ತಳ್ಳುವಂತಿಲ್ಲ ಎಂಬ ರಕ್ಷಣೆ ಇದ್ದೇ ಇದೆ, ಆದರೆ ಐದು ವರ್ಷ ಏನೂ ಆಗದೆ ಕಳೆಯಲಿ ಎಂದು ದಿನ ಎಣಿಸುವುದು ವಿಮೆಯಲ್ಲ.

ನಲವತ್ತೈದು ದಾಟಿದವರಿಗೆ, ದೊಡ್ಡ ಮೊತ್ತ ಕೇಳಿದವರಿಗೆ ಕಂಪನಿಗಳು ಪಾಲಿಸಿಗೆ ಮುಂಚೆ ವೈದ್ಯಕೀಯ ತಪಾಸಣೆ ಮಾಡಿಸುವುದುಂಟು. ಇಲ್ಲಿ ಓಟಗಾರರಿಗೆ ವಿಶೇಷವಾದ ಒಂದು ತೊಡಕಿದೆ. ವರ್ಷಗಟ್ಟಲೆ ಓಡಿದವರ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ಕ್ಕಿಂತ ಕೆಳಗಿರುವುದು ಸಹಜ. ಇಸಿಜಿ ಯಂತ್ರ ಅದನ್ನು ದೋಷವೆಂಬಂತೆ ಅಚ್ಚು ಹಾಕುತ್ತದೆ. ಹಿಂದಿನ ದಿನ ದೂರ ಓಡಿದ್ದರೆ ಸ್ನಾಯುಗಳಿಂದ ಸೋರಿದ ಕಿಣ್ವಗಳು ರಕ್ತದಲ್ಲಿ ಏರಿರುತ್ತವೆ. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಸ್ನಾಯುಗಳಲ್ಲೂ ಇರುವುದರಿಂದ ಅಂಕಿಗಳು ಯಕೃತ್ತೇ ಕೆಟ್ಟಂತೆ ತೋರುತ್ತವೆ. ಮೂತ್ರದಲ್ಲಿ ಪ್ರೋಟೀನು, ಕೆಂಪು ರಕ್ತಕಣ ಕಾಣಿಸಿಕೊಂಡು ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುವುದೂ ಇದೆ. ಇದನ್ನರಿಯದೆ ಭಾನುವಾರ ಇಪ್ಪತ್ತೊಂದು ಕಿಲೋಮೀಟರ್ ಓಡಿ ಸೋಮವಾರ ರಕ್ತ ಕೊಟ್ಟವರಿಗೆ ಪ್ರೀಮಿಯಂ ಏರಬಹುದು, ಅರ್ಜಿ ತಿರಸ್ಕಾರವೂ ಆಗಬಹುದು. ಒಮ್ಮೆ ತಿರಸ್ಕಾರವಾದರೆ ಮುಂದಿನ ಕಂಪನಿಯ ಫಾರ್ಮಿನಲ್ಲಿ ಅದನ್ನೂ ಬರೆಯಬೇಕಾಗುತ್ತದೆ. ತಪಾಸಣೆಗೆ ನಾಲ್ಕೈದು ದಿನ ಮುಂಚೆ ಓಟ ನಿಲ್ಲಿಸಿ, ತಾನು ನಿತ್ಯ ಓಡುವವನೆಂದು ಪರೀಕ್ಷಿಸುವ ವೈದ್ಯರಿಗೆ ಹೇಳಿ, ವರದಿಯಲ್ಲಿ ಅದನ್ನು ನಮೂದಿಸಲು ಕೇಳಿಕೊಂಡರೆ ಸಾಕು. ಓಟದ ವಿಷಯವನ್ನು ಬಚ್ಚಿಡಲು ಕಾರಣವೇ ಇಲ್ಲ, ಹೇಳಿದರೆ ಲಾಭವೇ.

ಬಚ್ಚಿಡಬೇಕೆಂಬ ಭಯಕ್ಕೆ ಮೂಲ ಪಾಲಿಸಿಯ ಸಾಹಸ ಕ್ರೀಡೆಯ ಷರತ್ತು. ಪ್ರಾಧಿಕಾರ ಏಕರೂಪಗೊಳಿಸಿದ ಒಕ್ಕಣೆಯ ಪ್ರಕಾರ, ಅಪಾಯಕಾರಿ ಅಥವಾ ಸಾಹಸ ಕ್ರೀಡೆಗಳಲ್ಲಿ ವೃತ್ತಿಪರನಾಗಿ ಭಾಗವಹಿಸಿದ್ದರಿಂದ ಬೇಕಾದ ಚಿಕಿತ್ಸೆಗೆ ಹಣವಿಲ್ಲ. ಬಂಡೆ ಏರುವುದು, ಪರ್ವತಾರೋಹಣ, ರಾಫ್ಟಿಂಗ್, ಮೋಟಾರು ಪಂದ್ಯ, ಕುದುರೆ ಪಂದ್ಯ, ಸ್ಕೂಬಾ ಡೈವಿಂಗ್ ಮುಂತಾದವು ಅಲ್ಲಿ ಉದಾಹರಣೆಗಳು. ಪಟ್ಟಿಯಲ್ಲಿ ಓಟವಿಲ್ಲ. ‘ವೃತ್ತಿಪರನಾಗಿ’ ಎಂಬ ಪದವೂ ಹವ್ಯಾಸಿಯನ್ನು ಕಾಯುತ್ತದೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಭಾಗವಹಿಸಿ ಪದಕ ತಂದ ಮಾತ್ರಕ್ಕೆ ಯಾರೂ ವೃತ್ತಿಪರರಾಗುವುದಿಲ್ಲ. ಓಟಕ್ಕೆ ಹೆಸರು ನೋಂದಾಯಿಸುವ ಹೊತ್ತಿಗೆ ‘ಏನಾದರೂ ಆದರೆ ಸಂಘಟಕರು ಹೊಣೆಯಲ್ಲ’ ಎಂದು ಸಹಿ ಹಾಕಿದ್ದು ಓಟಗಾರ ಮತ್ತು ಸಂಘಟಕರ ನಡುವಿನ ಮಾತು; ಅದರಿಂದ ವಿಮಾ ಕಂಪನಿಯ ಹೊಣೆ ತಪ್ಪುವುದಿಲ್ಲ. ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಚಾರಣ ಹೋದವನೂ ಇದೇ ತರ್ಕದಿಂದ ಹವ್ಯಾಸಿಯೇ. ಎಚ್ಚರ ಬೇಕಾದದ್ದು ವೈಯಕ್ತಿಕ ಅಪಘಾತ ಪಾಲಿಸಿಗಳಲ್ಲಿ. ಅಲ್ಲಿನ ಒಕ್ಕಣೆ ಕಂಪನಿಯಿಂದ ಕಂಪನಿಗೆ ಬೇರೆ, ಕೆಲವು ಹವ್ಯಾಸಿಯನ್ನೂ ಹೊರಗಿಡುತ್ತವೆ.

ಕಂಬಳದ ಓಟಗಾರರ ಪ್ರಶ್ನೆಯನ್ನು ಇಲ್ಲಿ ಎತ್ತಲೇಬೇಕು, ಏಕೆಂದರೆ ಈ ನಾಡಿನ ಹಳೆಯ ಓಟ ಅದೇ. ಪುತ್ತೂರಿನ ಮಹಾಲಿಂಗೇಶ್ವರ ದೇವರ ಮಾರು ಗದ್ದೆಯಲ್ಲಿ ನಡೆಯುವ ಕೋಟಿ ಚೆನ್ನಯ ಜೋಡುಕರೆ ಕಂಬಳವನ್ನು ನೋಡಿದವರಿಗೆ ಕೋಣಗಳ ಹಿಂದೆ ಕೆಸರಿನಲ್ಲಿ ಓಡುವ ವೇಗ ಗೊತ್ತು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ತಿರುಗಿ ನೋಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಕಂಬಳಕ್ಕೆ ಅನುವು ಮಾಡಿದ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಕಂಬಳದ ಹೆಸರು ಹೊರಗಿಟ್ಟ ಕ್ರೀಡೆಗಳ ಪಟ್ಟಿಯಲ್ಲಿಲ್ಲ, ಆದರೆ ಆ ಪಟ್ಟಿ ‘ಇಷ್ಟಕ್ಕೇ ಸೀಮಿತವಲ್ಲ’ ಎಂಬ ಮಾತನ್ನೂ ಹೊಂದಿದೆ. ಋತುವಿಡೀ ಕೋಣಗಳ ಯಜಮಾನರಿಂದ ಸಂಭಾವನೆ ಪಡೆದು ಓಡುವವರನ್ನು ಕಂಪನಿ ವೃತ್ತಿಪರರೆಂದು ವಾದಿಸಬಹುದು. ಅಂಥವರು ತಾವು ಕಂಬಳದಲ್ಲಿ ಓಡುವುದನ್ನು ಫಾರ್ಮಿನಲ್ಲಿ ಬರೆದು, ರಕ್ಷಣೆ ಇದೆಯೆಂಬ ಉತ್ತರವನ್ನು ಕಂಪನಿಯಿಂದ ಇಮೇಲಿನಲ್ಲಿಯೇ ತರಿಸಿಕೊಳ್ಳುವುದು ಅಗತ್ಯ. ಬಾಯಿಮಾತಿನ ಭರವಸೆ ಕ್ಲೈಮಿನ ದಿನ ನಿಲ್ಲುವುದಿಲ್ಲ.

ಪಾಲಿಸಿಗಳ ನಡುವೆ ಆರಿಸುವಾಗ ಮೊದಲು ನೋಡಬೇಕಾದದ್ದು ಪ್ರೀಮಿಯಂ ಅಲ್ಲ, ಆಸ್ಪತ್ರೆಗಳ ಪಟ್ಟಿ. ಸಾಧಾರಣ ಮೂಳೆ ಮುರಿತ, ಜ್ವರ ಪುತ್ತೂರಿನಲ್ಲೋ ಸುಳ್ಯದಲ್ಲೋ ಗುಣವಾಗುತ್ತವೆ. ತಲೆಗೆ ಪೆಟ್ಟು, ಹೃದಯದ ತೊಂದರೆ ಎಂದಾದರೆ ಆಂಬುಲೆನ್ಸ್ ಮಂಗಳೂರಿಗೇ ಓಡುತ್ತದೆ. ಪುತ್ತೂರಿನಿಂದ ಸುಮಾರು 50 ಕಿಲೋಮೀಟರ್, ಸುಳ್ಯದಿಂದ 85ರ ಆಸುಪಾಸು. ಕಡಬ ಪ್ರತ್ಯೇಕ ತಾಲೂಕಾದರೂ ಅಲ್ಲಿಯವರಿಗೆ ದೊಡ್ಡ ಚಿಕಿತ್ಸೆ ಎಂದರೆ ಈಗಲೂ ಪುತ್ತೂರು, ಮಂಗಳೂರಿನ ದಾರಿಯೇ. ಆದ್ದರಿಂದ ಮನೆಗೆ ಹತ್ತಿರದ ಒಂದು ಆಸ್ಪತ್ರೆ, ಮಂಗಳೂರಿನ ಕನಿಷ್ಠ ಎರಡು ದೊಡ್ಡ ಆಸ್ಪತ್ರೆ ಕ್ಯಾಶ್‌ಲೆಸ್ ಜಾಲದಲ್ಲಿರಬೇಕು. ಕಂಪನಿಯ ಜಾಲತಾಣದ ಪಟ್ಟಿ ಹಳತಾಗಿರುವುದುಂಟು. ಆಸ್ಪತ್ರೆಯ ವಿಮಾ ಕೌಂಟರಿಗೆ ಒಂದು ಫೋನು ಮಾಡಿ ಕೇಳಿದರೆ ನಿಜ ತಿಳಿಯುತ್ತದೆ. 2024ರ ನಿಯಮದಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು.

ಎರಡನೆಯದು ರೂಮಿನ ಬಾಡಿಗೆಯ ಮಿತಿ. ಇದು ಎಷ್ಟು ನೋಯಿಸುತ್ತದೆಂಬುದು ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಐದು ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1 ಮಿತಿ ಎಂದರೆ 5,000 ರೂಪಾಯಿ. ಕಾಲು ಮುರಿದವರು ನಾಲ್ಕು ದಿನ 8,000 ರೂಪಾಯಿಯ ರೂಮಿನಲ್ಲಿದ್ದರೆನ್ನಿ. ಬಾಡಿಗೆಯ ವ್ಯತ್ಯಾಸ 12,000 ಕೈಯಿಂದ ಹೋಗುತ್ತದೆ, ಅದು ಎಲ್ಲರೂ ಎಣಿಸಿದ್ದೇ. ಆದರೆ ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 96,000 ಆಗಿದ್ದರೆ ಅದನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. ಸಿಗುವುದು 60,000, ಉಳಿದ 36,000 ಮತ್ತೆ ಕೈಯಿಂದ. ಔಷಧಿ, ಎಲುಬಿಗೆ ಹಾಕುವ ಪ್ಲೇಟು, ತಪಾಸಣೆಗಳಿಗೆ ಈ ಕಡಿತ ಹಾಕಬಾರದೆಂಬ ನಿಯಮವಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಬೇಕು. ಬಾಡಿಗೆ ಮಿತಿಯಿಲ್ಲದ, ಅಥವಾ ಒಬ್ಬರ ರೂಮು ಎಂದಷ್ಟೇ ಹೇಳುವ ಪಾಲಿಸಿಗೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಡುವುದು ವ್ಯರ್ಥವಲ್ಲ.

ಫಿಸಿಯೋಥೆರಪಿಗೆ ದಾರಿ ತೆರೆಯುವುದು ಬಿಡುಗಡೆಯ ನಂತರದ ಖರ್ಚಿನ ಕಲಮು. ಆಸ್ಪತ್ರೆಯಲ್ಲಿ ಮಲಗಿ ಶಸ್ತ್ರಚಿಕಿತ್ಸೆಯಾದವರಿಗೆ ಆಮೇಲೆ 60, 90 ಅಥವಾ 180 ದಿನಗಳವರೆಗಿನ ಸಂಬಂಧಿತ ಖರ್ಚು ಸಿಗುತ್ತದೆ. ಹರಿದ ನಾರಿನ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಓಡಲು ತಿಂಗಳುಗಳೇ ಬೇಕಾಗುವುದರಿಂದ ಓಟಗಾರರು 180 ದಿನದ್ದನ್ನೇ ಆರಿಸಬೇಕು. ಡಿಸ್ಚಾರ್ಜ್ ಸಮರಿಯಲ್ಲಿ ಎಷ್ಟು ವಾರ ಫಿಸಿಯೋಥೆರಪಿ ಎಂದು ಬರೆದಿರಬೇಕು. ಒಪಿಡಿ ಸೇರಿಸಿದ ಪಾಲಿಸಿಗಳೂ ಬಂದಿವೆ. ಹೆಚ್ಚುವರಿ ಪ್ರೀಮಿಯಂ ಎಷ್ಟು, ವರ್ಷಕ್ಕೆ ಸಿಗುವ ಒಪಿಡಿ ಮೊತ್ತ ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿದರೆ, ಆ ಹಣವನ್ನು ಊರಿನ ಸಹಕಾರಿ ಸಂಘದ ಉಳಿತಾಯ ಖಾತೆಯಲ್ಲಿ ಕಾಲಿನ ಖರ್ಚಿಗೆಂದು ತೆಗೆದಿಡುವುದು ಅನೇಕರಿಗೆ ಲೇಸು. ಹೆಜ್ಜೆ ಎಣಿಸಿ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ಪಾಲಿಸಿಗಳು ಓಟಗಾರರನ್ನು ತುಂಬ ಸೆಳೆಯುತ್ತವೆ. ರಿಯಾಯಿತಿ ನಿಜವೇ. ಆದರೆ ಆಸ್ಪತ್ರೆ ಜಾಲ, ಬಾಡಿಗೆ ಮಿತಿ, ಸಹಪಾವತಿ (ಬಿಲ್ಲಿನಲ್ಲಿ ರೋಗಿಯೇ ಭರಿಸಬೇಕಾದ ಪಾಲು) ಮೂರರಲ್ಲೂ ಗೆದ್ದ ಪಾಲಿಸಿಗಳ ನಡುವೆ ಆರಿಸುವಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊತ್ತದ ವಿಷಯದಲ್ಲಿ ಕುಟುಂಬವನ್ನು ನೋಡಬೇಕೇ ಹೊರತು ಓಟವನ್ನಲ್ಲ. ಮನೆಯವರೆಲ್ಲ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಫ್ಯಾಮಿಲಿ ಫ್ಲೋಟರಿನಲ್ಲಿ ಎಪ್ಪತ್ತರ ತಂದೆಯನ್ನೂ ಸೇರಿಸಿದರೆ ಪ್ರೀಮಿಯಂ ಹಿರಿಯರ ವಯಸ್ಸಿಗೆ ಏರುತ್ತದೆ. ಹೆತ್ತವರದ್ದು ಬೇರೆಯೇ ಇರುವುದು ಒಳ್ಳೆಯದು. ಐದು ಲಕ್ಷದ ಮೂಲ ಪಾಲಿಸಿಯ ಮೇಲೆ ಐದು ಲಕ್ಷದ ಬಳಿಕ ತೆರೆದುಕೊಳ್ಳುವ ಸೂಪರ್ ಟಾಪ್ಅಪ್ ಕಡಿಮೆ ಖರ್ಚಿನಲ್ಲಿ ದೊಡ್ಡ ರಕ್ಷಣೆ ಕೊಡುತ್ತದೆ. ಬರೇ ಟಾಪ್ಅಪ್ ಪ್ರತಿ ಸಲದ ಬಿಲ್ಲನ್ನು ಬೇರೆಬೇರೆಯಾಗಿ ನೋಡುತ್ತದೆ, ಸೂಪರ್ ಟಾಪ್ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಶೇ. 18ರ ಜಿಎಸ್‌ಟಿ ಇಲ್ಲವಾಗಿದೆ.

ಅಡಿಕೆ ಕೃಷಿಕರ ಈ ಸೀಮೆಯಲ್ಲಿ ಹಲವರ ಕೈಯಲ್ಲಿ ಈಗಾಗಲೇ ಏನಾದರೊಂದು ರಕ್ಷಣೆ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಸಹಕಾರಿ ಸಂಘದ ಸದಸ್ಯರಿಗೆ 2003ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ ಚಾಲನೆ ಪಡೆದ ಯಶಸ್ವಿನಿ ಇದೆ. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಇವು ಗೊತ್ತುಪಡಿಸಿದ ಚಿಕಿತ್ಸೆಗಳಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಸಿಗುವಂಥವು. ಖಾಸಗಿ ಪಾಲಿಸಿ ಕೊಂಡೆವೆಂದು ಇವನ್ನು ಬಿಟ್ಟುಬಿಡಬಾರದು.

ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕೊಡುತ್ತದೆ, ದುಡಿಮೆ ತಪ್ಪಿದ ದಿನಗಳಿಗೆ ಕೊಡುವುದಿಲ್ಲ. ಕಾಲು ಮುರಿದ ಕೃಷಿಕ ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ತೋಟಕ್ಕಿಳಿಯಲಾರ; ಆ ನಷ್ಟಕ್ಕೆ ವೈಯಕ್ತಿಕ ಅಪಘಾತ ಪಾಲಿಸಿಯೇ ಬೇಕು. 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುವ ಸರಳ ಸುರಕ್ಷಾ ಬೀಮಾದಲ್ಲಿ, ಐಚ್ಛಿಕ ಭಾಗ ಸೇರಿಸಿಕೊಂಡವರಿಗೆ, ದುಡಿಯಲಾಗದ ಪ್ರತಿ ವಾರಕ್ಕೆ ಮೊತ್ತದ ಶೇ. 0.2 ಸಿಗುತ್ತದೆ. ಹತ್ತು ಲಕ್ಷದ ಪಾಲಿಸಿಯಾದರೆ ವಾರಕ್ಕೆ 2,000. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ. ಅಪಘಾತದ ಮರಣಕ್ಕೆ 2 ಲಕ್ಷ. ಮರದಿಂದ ಬಿದ್ದದ್ದು, ಹಾವು ಕಡಿದದ್ದು ಆಸ್ಪತ್ರೆಯ ದಾಖಲೆಯಿದ್ದರೆ ಅದರಲ್ಲಿ ಸೇರುತ್ತದೆ.

ಪಾಲಿಸಿ ಕೈಸೇರಿದ ಮೇಲೆ 30 ದಿನ ಓದಿ ನೋಡಿ ಹಿಂದಿರುಗಿಸಲು ಅವಕಾಶವಿದೆ. ಅದರ ಜೊತೆಗೆ ಬರುವ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳುವವರು ವಿರಳ, ಕೇಳಬೇಕು. ಕ್ಲೈಮ್ ತಿರಸ್ಕರಿಸಿದರೆ ಯಾವ ಷರತ್ತಿನಂತೆ ಎಂಬುದನ್ನು ಕಂಪನಿ ಬರೆದು ತಿಳಿಸಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಪಾಲಿಸಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಮರಿ, ಬಿದ್ದ ದಿನದ ಆ ಮೊದಲ ಚೀಟಿ ಇರಬೇಕು.